ಮರೆಮ್ಮನ ನೆರಳಿನ ಸಾಹೇಬರು

ರಿಂಗ್ ರೋಡಿನ ನೈಟ್ ಕ್ಲಬ್ಬು ಹೊತ್ತಿ ಉರಿದು ಹದಿಮೂರು ಜನ ಸತ್ತ ಮೇಲೆ ಕಲಬುರಗಿಯಲ್ಲಿ ಒಂದು ಪವಾಡ ನಡೆಯಿತು. ಆ ಕ್ಲಬ್ಬನ್ನು ಕಂಡಿದ್ದ ಅಧಿಕಾರಿ ಊರಲ್ಲಿ ಒಬ್ಬನೂ ಉಳಿಯಲಿಲ್ಲ! ಮೂರಂತಸ್ತಿನ ಕಟ್ಟಡ, ಕಣ್ಣು ಕುಕ್ಕುವ ದೀಪ, ಶಹಾಬಜಾರದವರೆಗೆ ಕೇಳುವ ಡಿಜೆ. ಆದರೂ 'ನಮ್ಮ ಗಮನಕ್ಕೆ ಬಂದಿಲ್ಲ' ಅಂದರು. ಪಾಪ, ಕಣ್ಣು ಕಿವಿ ಎರಡೂ ಸರಕಾರದ ಸೇವೆಯಲ್ಲೇ ಸವೆದುಹೋಗಿದ್ದವು.

ಜನ ರೊಚ್ಚಿಗೆದ್ದರು. ನೆಹರು ಗಂಜ್ ಮಾರುಕಟ್ಟೆ ಬಂದ್ ಆಯಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಬೇಕಲ್ಲ, ವಿಚಾರಣಾ ಸಮಿತಿಯೊಂದನ್ನು ಮಾಡಿ ಅದಕ್ಕೆ ಹಿರಿಯ ಅಧಿಕಾರಿ ಅಮರನಾಥ ಸಾಹೇಬರನ್ನು ನೇಮಿಸಿದರು. ಸಾಹೇಬರು ಹತ್ತೇ ದಿನದಲ್ಲಿ ಅಪರಾಧಿಯನ್ನು ಹಿಡಿದುಬಿಟ್ಟರು: ವಾಚ್‌ಮನ್ ರೇವಣ. ಮಾಲೀಕ ಶಿವಲಿಂಗನಿಗೆ ತಿಳಿಸದೆ ಹಿಂಬಾಗಿಲಿಗೆ ಕೀಲಿ ಹಾಕಿದವನು ಅವನೇ ಅಂತೆ. ರೇವಣ ಅಲ್ಲ ಅನ್ನಲಿಲ್ಲ. ಸತ್ತ ಹದಿಮೂರರಲ್ಲಿ ಅವನೂ ಒಬ್ಬ.

ಅವನ ತಾಯಿ ಮರೆಮ್ಮ ಕಮಲಾಪುರದ ಸಂತೆಯಲ್ಲಿ ಕೆಂಪು ಬಾಳೆಹಣ್ಣು ಮಾರುವವಳು. ಹಣ್ಣು ಹಿಚುಕಿ ನೋಡುತ್ತಿದ್ದ ಒಬ್ಬಳು, "ನಿನ್ನ ಮಗಾನ ಅಂತಲ್ಲಬೇ ಬಾಗ್ಲಾ ಹಾಕಿದ್ದು?" ಎಂದು ಕೇಳಿಯೇಬಿಟ್ಟಳು. ಮರೆಮ್ಮ ಅವಳ ಕೈಯಿಂದ ಹಣ್ಣು ಕಸಿದು ಬುಟ್ಟಿಗೆ ಹಾಕಿದಳು. ಮಗ ಹೋದ ಸಂಕಟವನ್ನಾದರೂ ನುಂಗಬಹುದು. ಹನ್ನೆರಡು ಜನರನ್ನು ಕೊಂದವನ ತಾಯಿ ಅನ್ನಿಸಿಕೊಂಡು ಬದುಕುವುದು ಹೇಗೆ?

ಪಕ್ಕದ ಅಂಗಡಿಯ ಚಾಂದಪಾಶಾ, "ಇಂವಾ ನೋಡಕ್ಕಾ ಆ ಸಾಹೇಬ" ಎಂದು ಫೋನಿನಲ್ಲಿ ಅಮರನಾಥರ ಫೋಟೋ ಹಿಡಿದ. ಮರೆಮ್ಮ ನೋಡಿದಳು. ಗಲ್ಲದ ಮೇಲೆ ಕರಿ ಮಚ್ಚೆ. ಈ ಮುಖ ಗೊತ್ತಿದೆಯಲ್ಲ! ತಲೆಯೆತ್ತಿದಳು. ಸಾಹೇಬರು ಮಚ್ಚೆ ಸಮೇತ ಮೇಲೆಯೇ ಇದ್ದರು.

ಅದು ಕ್ಲಬ್ಬಿನ ಉದ್ಘಾಟನೆ ಮುಗಿದ ಮೇಲೆ ಮಾಲೀಕ ಹಾಕಿಸಿದ್ದ ವಂದನೆಯ ಫ್ಲೆಕ್ಸು. ಕೆಲಸ ಮುಗಿದ ಫ್ಲೆಕ್ಸನ್ನು ಎಸೆಯುವಷ್ಟು ಸಿರಿವಂತರು ಸಂತೆಯಲ್ಲಿ ಯಾರಿದ್ದಾರೆ? ಅವ್ವನಿಗೆ ನೆರಳಾಗಲಿ ಎಂದು ರೇವಣ ಹೊತ್ತು ತಂದು ಕಟ್ಟಿದ್ದ. ಬಿಸಿಲು ತಡೆಯಲು ಬಿಳಿ ಮೈ ಮೇಲೆ, ಚಿತ್ರ ಕೆಳಗೆ. ಹೀಗಾಗಿ ಎರಡು ವರ್ಷವಾದರೂ ಬಣ್ಣ ಮಾಸಿರಲಿಲ್ಲ. ಶಿವಲಿಂಗ ಒಂದು ಬಾಗಿಲಿಗೆ ಕೀಲಿ ಜಡಿಯುತ್ತಿದ್ದಾನೆ, ಪಕ್ಕದಲ್ಲಿ ಅಮರನಾಥ ಸಾಹೇಬರು ಕಾಯಿ ಒಡೆಯುತ್ತಿದ್ದಾರೆ.

ಚಾಂದಪಾಶಾ ಕತ್ತು ಹೊರಳಿಸಿ ಓದಿದ: "'ವಾಸ್ತುದೋಷದ ಹಿಂಬಾಗಿಲನ್ನು ಕಾಯಂ ಮುಚ್ಚಿಸಿ ಹರಸಿದ ಅಮರನಾಥ ಸಾಹೇಬರಿಗೆ ವಂದನೆಗಳು.' ಯಾ ಅಲ್ಲಾ, ಅಕ್ಕಾ!"

ವರದಿಗೆ ಸಹಿ ಬೀಳುವ ಮುನ್ನ ಜನರ ಅಹವಾಲು ಕೇಳುವ ಶಾಸ್ತ್ರವೊಂದು ಬಾಕಿ ಇತ್ತು. ಆ ದಿನ ಮರೆಮ್ಮ ಫ್ಲೆಕ್ಸು ಬಿಚ್ಚಿ, ಮಡಚಿ, ತಲೆಯ ಮೇಲೆ ಹೊತ್ತು ಕಲಬುರಗಿಯ ಬಸ್ಸು ಹತ್ತಿದಳು. ಸಭೆ ಕಿಕ್ಕಿರಿದಿತ್ತು.

"ಸಾಹೇಬ್ರ, ಸುಡೂಕಿಂತ ಮೊದ್ಲ ನೀವು ಆ ಕ್ಲಬ್ ನೋಡೀರೇನ್ರಿ?"

"ಇಲ್ಲವಾ, ನಾ ಆ ಕಡಿ ಹಾದೇ ಇಲ್ಲ."

"ಉದ್ಘಾಟನೆಗೆ ಯಾರೋ ಸಾಹೇಬ್ರು ಬಂದು ಕಾಯಿ ಒಡದಿದ್ರಂತ್ರಿ. ಅವ್ರ ಗಲ್ಲದ ಮ್ಯಾಲ ಮಚ್ಚಿ ಇತ್ತಂತ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಸಾಹೇಬರ ಕೈ ಗಲ್ಲಕ್ಕೆ ಹೋಯಿತು. ಅಷ್ಟರಲ್ಲಿ ನಾಲ್ಕು ಜನ ಫ್ಲೆಕ್ಸಿನ ಮೂಲೆ ಹಿಡಿದು ಎತ್ತಿದರು. ಸಭೆ ಹೋ ಎಂದು ಎದ್ದು ನಿಂತಿತು. ಗದ್ದಲದ ನಡುವೆ ಸಾಹೇಬರು ಗಂಟಲು ಸರಿಪಡಿಸಿಕೊಂಡರು.

"ಇದು ಮಹತ್ವದ ಸಾಕ್ಷಿ. ಸಮಿತಿ ವಶಕ್ಕ ಕೊಡವಾ."

"ಕೊಡಂಗಿಲ್ರಿ. ನಿಮ್ಮ ಕೈಯಾಗ ಕೊಟ್ರ ಅದಕ್ಕೂ ಬೆಂಕಿ ಬೀಳ್ತದ. ಮೊದ್ಲ ನನ್ನ ಮಗನ ಹೆಸರು ಹೊಡದು ಹಾಕ್ರಿ."

ನೂರಾರು ಫೋನುಗಳು ಮೇಲೆದ್ದಿದ್ದವು. ಸಾಹೇಬರು ಪೆನ್ನು ತೆಗೆದು ರೇವಣನ ಹೆಸರಿನ ಮೇಲೆ ಗೆರೆ ಎಳೆದರು. ಆಮೇಲೆ ತಗ್ಗಿದ ದನಿಯಲ್ಲಿ, "ಈಗ ಆ ಜಾಗಾದಾಗ ಯಾರ ಹೆಸರು ಬರೀಲಿ?" ಎಂದರು.

ಮರೆಮ್ಮ ಫ್ಲೆಕ್ಸಿನ ಕಡೆ ಕೈ ತೋರಿಸಿದಳು.

"ನನಗ ಓದಾಕ ಬರಂಗಿಲ್ರಿ ಸಾಹೇಬ್ರ. ಅಲ್ಲಿ ಬರದದ, ನೋಡ್ಕೊಂಡು ಬರೀರಿ."