ಸೊನುನಕ್ಕನ ಸಂಬಳ

“ಕೈ ಬಿಡೇ, ಅವಳೇ ನಡೀಲಿ,” ಅಂದಳು ಬಾತ್ಮಾ.

ತೊಲ್ಕುನ್ ಮಗಳ ಹಿಡಿಯಿಂದ ತನ್ನ ಬೆರಳು ಬಿಡಿಸಿಕೊಂಡಳು. ಪುಟ್ಟ ಸೇಜಿಮ್ ಒಂದು ಗಳಿಗೆ ತೂರಾಡಿ, ಆಮೇಲೆ ಧೈರ್ಯ ಮಾಡಿ ಅಜ್ಜಿಯ ಕಡೆಗೆ ಹೊರಟಳು. ಎಡಗಾಲು ಊರಿದಾಗಲೆಲ್ಲ ಸೊಂಟ ಎಡಕ್ಕೆ ಕುಸಿಯುತ್ತಿತ್ತು, ಬಲಗೈ ಗಾಳಿಗೆ ಏಳುತ್ತಿತ್ತು. ಮೊಮ್ಮಗಳ ನಡಿಗೆ ನೋಡಲೆಂದೇ ನಾರಿನ್‌ನಿಂದ ಬಸ್ಸು ಹತ್ತಿ ಬಂದಿದ್ದ ಬಾತ್ಮಾ ಚಪ್ಪಾಳೆಗೆಂದು ಎತ್ತಿದ ಕೈ ಹಾಗೇ ಇಳಿಸಿದಳು.

“ಇದ್ಯಾರ ನಡಿಗೆ?”

ಯಾರ ನಡಿಗೆಯೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅಂಗಳದಾಚೆ ನೀಲಿ ಬಾಗಿಲಿನ ಮನೆಯ ಸೊನುನಕ್ಕ ಹರೆಯದಲ್ಲಿ ಕುದುರೆಯಿಂದ ಬಿದ್ದು ಸೊಂಟ ಮುರಿದುಕೊಂಡವಳು. ಅಂದಿನಿಂದ ಎಡಕ್ಕೆ ವಾಲಿಕೊಂಡೇ ನಡೆಯುತ್ತಾಳೆ. ತೊಲ್ಕುನ್ ಮತ್ತೆ ಹೊಲಿಗೆ ಕಾರ್ಖಾನೆಗೆ ಹೋಗತೊಡಗಿದ ಮೇಲೆ ಮಗು ಬೆಳಗಿನಿಂದ ಸಂಜೆಯವರೆಗೆ ಇರುವುದು ಅವಳ ಹತ್ತಿರವೇ.

“ಕಾಲು ತೋರಿಸ್ಕೊಂಡು ಬಂದಿದೀವಮ್ಮ,” ಅಂದ ತೊಲ್ಕುನ್‌ಳ ಗಂಡ ಮಕ್ಸತ್. ಬಿಷ್ಕೆಕ್‌ನ ಬೀದಿಗಳಲ್ಲಿ ವ್ಯಾನು ಓಡಿಸಿಕೊಂಡು ಎಲ್ಲರ ಮೇಲೂ ಕೂಗಾಡುವ ಅವನು ತಾಯಿಯೆದುರು ಮಾತ್ರ ಬೆಕ್ಕಿನ ಮರಿ. “ಏನೂ ಆಗಿಲ್ವಂತೆ. ಮಕ್ಕಳು ನೋಡಿದ್ದನ್ನ ಕಲೀತವೆ ಅಂದ್ರು ಡಾಕ್ಟ್ರು.”

“ಡಾಕ್ಟ್ರಿಗೇನಪ್ಪ, ಅವರ ಮನೆ ಮಗುವಾ? ನಾಳೆ ಕಾಲಿಗೆ ದಾರ ಕಟ್ಟಿ ಕುಯ್ಯೋ ಶಾಸ್ತ್ರ. ಕುಯ್ದವರ ನಡಿಗೆ ಮಗುಗೆ ಬರತ್ತೆ ಅಂತ ನಾನು ಚುರುಕಾಗಿ ಓಡೋ ಹುಡುಗೀರನ್ನ ಗೊತ್ತು ಮಾಡಿಟ್ಟಿದ್ರೆ, ಇಲ್ಲಿ ನಡಿಗೆ ಆಗ್ಲೇ ಬಂದು ಕೂತಿದೆ!” ಬಾತ್ಮಾ ಮಗುವನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು. “ಹೆಣ್ಣುಮಗು ಕಣೋ. ಆ ಎದುರು ಮನೆಯವಳ ಲೆಕ್ಕ ಇವತ್ತೇ ಚುಕ್ತಾ ಮಾಡಿ ಕೆಲಸ ಬಿಡಿಸಿಬಿಡಿ. ಚಳಿಗಾಲ ಕಳೆಯೋವರೆಗೆ ನಾನಿರ್ತೀನಿ. ಆಮೇಲಿಂದು ಆಮೇಲೆ.”

“ಚುಕ್ತಾ ಅಂದ್ರೆ ಎಷ್ಟು?” ಎಂದು ಕೇಳಿದ ಮಕ್ಸತ್.

ತೊಡಕು ಇದ್ದದ್ದೇ ಅಲ್ಲಿ. ಸೊನುನಕ್ಕ ಎಂದೂ ಒಂದು ಮೊತ್ತ ಅಂತ ಹೇಳಿದವಳಲ್ಲ. “ಎದುರು ಮನೆಯವಳ ಹತ್ರ ರೇಟು ಮಾತಾಡ್ಲಾ? ನಿಂಗೆ ತಿಳಿದಷ್ಟು ಕೊಡು,” ಅಂದಿದ್ದಳು ಮೊದಲ ದಿನ. ತೊಲ್ಕುನ್ ಒಂದು ತಿಂಗಳು ನಾಲ್ಕು ಸಾವಿರ ಸೋಮ್ ಕೊಟ್ಟಳು, ಇನ್ನೊಂದು ತಿಂಗಳು ಎರಡು ಸಾವಿರವೂ ಅರ್ಧ ಮೂಟೆ ಮೈದಾಹಿಟ್ಟೂ. ಒಂದು ಸಲವಂತೂ ಬರೀ ಎಣ್ಣೆ ಡಬ್ಬ. ದೊಡ್ಡ ರಸ್ತೆಯ ಶಿಶುವಿಹಾರದಲ್ಲಿ ಹತ್ತು ಸಾವಿರ ತೆಗೆದುಕೊಳ್ಳುತ್ತಾರೆಂದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ಕೊಡುವಾಗ ಸೊನುನಕ್ಕನ ಮುಖ ನೋಡುತ್ತಿರಲಿಲ್ಲ, ಅಷ್ಟೆ. ಸೊನುನಕ್ಕನೂ ನೋಟು ನೋಡದೆ ಜೇಬಿಗೆ ಇಳಿಸುತ್ತಿದ್ದಳು.

“ಐದು ಸಾವಿರ ಸಾಕಲ್ವಾ?” ಅಂದ ಮಕ್ಸತ್.

“ಐದು ಕೊಟ್ರೆ ಅಂಗಳಕ್ಕೆಲ್ಲ ಸಾರ್ಕೊಂಡು ಬರ್ತಾಳೆ. ಹದಿನೈದು ಕೊಡು. ಮೇಲೊಂದು ತಲೆವಸ್ತ್ರ. ಮರ್ಯಾದೆಯಿಂದ ಕಳಿಸಿದ ಹಾಗೂ ಆಯ್ತು, ಅವಳು ತುಟಿ ಬಿಚ್ಚೋ ಹಾಗೂ ಇಲ್ಲ.” ಬಾತ್ಮಾ ತನ್ನ ಚೀಲದಿಂದ ಗುಲಾಬಿ ಹೂಗಳ ಹೊಸ ತಲೆವಸ್ತ್ರವನ್ನೇ ತೆಗೆದುಕೊಟ್ಟಳು.

ಹದಿನೈದು ಸಾವಿರವೆಂದರೆ ತೊಲ್ಕುನ್‌ಳ ಅರ್ಧ ತಿಂಗಳ ದುಡಿಮೆ. ವ್ಯಾನಿನ ಟೈರಿಗೆಂದು ತೆಗೆದಿಟ್ಟಿದ್ದರಲ್ಲಿ ಮಕ್ಸತ್ ಒಂದಷ್ಟು ತಂದ, ಉಳಿದದ್ದು ಅತ್ತೆಯ ಗಂಟಿನಿಂದ ಬಂತು. ಇಷ್ಟು ತಿಂಗಳು ಎಲ್ಲಿಯೂ ಹುಟ್ಟದ ದುಡ್ಡು ಸೊನುನಕ್ಕನನ್ನು ಬಿಡಿಸುವುದಕ್ಕೆ ಎಷ್ಟು ಬೇಗ ಹುಟ್ಟಿತಲ್ಲ ಎಂದು ತೊಲ್ಕುನ್‌ಗೆ ನಾಚಿಕೆಯಾಯಿತು. ಆದರೂ ಆ ಪುಟ್ಟ ಸೊಂಟ ಕುಸಿಯುವುದು ಕಣ್ಣಿಗೆ ಕಟ್ಟಿತ್ತು. ದುಡ್ಡು ಎತ್ತಿಕೊಂಡು ಅಂಗಳ ದಾಟಿದಳು.

ಸೊನುನಕ್ಕ ಒಲೆಯ ಮುಂದೆ ಗಿಡ್ಡ ಮಣೆಯ ಮೇಲೆ ಕೂತು ನಾಳೆಗೆಂದು ಬೋರ್ಸೋಕ್ ಕರಿಯುತ್ತಿದ್ದಳು. ಹಿಟ್ಟಿನ ತುಂಡುಗಳು ಎಣ್ಣೆಯಲ್ಲಿ ಉಬ್ಬಿ ಮಗುಚಿಕೊಳ್ಳುತ್ತಿದ್ದವು. ಕಿಟಕಿಯ ಹಲಗೆಯ ಮೇಲೆ ಮಗುವಿನ ಕಾಲಿಗೆ ಕಟ್ಟುವ ದಾರ ಇತ್ತು. ಕರಿ ಉಣ್ಣೆ, ಬಿಳಿ ಉಣ್ಣೆ ಸೇರಿಸಿ ಅವಳೇ ಹೊಸೆದದ್ದು.

“ಬಾ ಬಾ. ಬಿಸಿ ಇದೆ, ಒಂದು ಬಾಯಿಗೆ ಹಾಕ್ಕೋ. ನಿಮ್ಮತ್ತೆ ಉಪ್ಪು ಕಮ್ಮಿ ಅಂತಾರೆ, ನೋಡ್ತಿರು.”

ತೊಲ್ಕುನ್ ನೋಟಿನ ಕಟ್ಟನ್ನೂ ತಲೆವಸ್ತ್ರವನ್ನೂ ಚಾಚಿದಳು. ಸೊನುನಕ್ಕ ಬೆರಳು ಒರೆಸಿಕೊಂಡು ತೆಗೆದುಕೊಂಡಳು. ಕಟ್ಟು ದಪ್ಪವಿತ್ತು. ಈ ಸಲ ಅವಳು ಜೇಬಿಗೆ ಹಾಕಲಿಲ್ಲ.

“ಇಷ್ಟೊಂದಾ?” ಅಂದವಳು ಹೊಸ ಬಟ್ಟೆಯನ್ನು ನೋಡಿದಳು, ತೊಲ್ಕುನ್‌ಳ ಮುಖ ನೋಡಿದಳು. ಒಲೆ ಸಣ್ಣ ಮಾಡಿದಳು. “ಮಗು ನನ್ನ ಹಾಗೆ ನಡೀತಾಳೆ ಅಂತ ತಾನೆ?”

“ಸೊನುನಕ್ಕ, ಅತ್ತೆ ಏನಂತಾರೆ ಅಂದ್ರೆ...”

“ಅವರು ಅನ್ನೋದ್ರಲ್ಲಿ ತಪ್ಪೇನಿದೆ? ನನಗೇನು ಕಣ್ಣಿಲ್ವಾ? ನಿಮಗಿಂತ ಮೊದ್ಲೇ ನೋಡಿದೆ. ಅವತ್ತಿಂದ ಅವಳೆದುರು ನಾನು ಎದ್ದು ನಡೆದೇ ಇಲ್ಲ. ಕೂತೇ ಇರ್ತೀನಿ. ಒಲೆಗೆ, ನೀರಿಗೆ ಹೋಗ್ಬೇಕಾದ್ರೆ ಅಂಬೆಗಾಲು.” ಸೊನುನಕ್ಕನಿಗೆ ನಗು ಬಂತು. “ಅವಳು ನಡ್ಕೊಂಡು, ಮುದುಕಿ ಅಂಬೆಗಾಲಿಟ್ಕೊಂಡು! ಮೊನ್ನೆ ಕುದುರೆ ಅಂದ್ಕೊಂಡು ಬೆನ್ನೇರಿಬಿಟ್ಲು. ಇಳೀ ಅಂದ್ರೆ ಇಳೀಲೇ ಇಲ್ಲ.”

ತೊಲ್ಕುನ್‌ಗೆ ನಗಲಾಗಲಿಲ್ಲ. ಸೊನುನಕ್ಕನ ತೊಡೆವರೆಗಿನ ದಪ್ಪ ಕಾಲುಚೀಲಕ್ಕೆ ಮಂಡಿಗಳ ಬಳಿ ತೇಪೆ ಹಾಕಿತ್ತು. ಹೋದ ವಾರವೂ ಆ ತೇಪೆ ಕಂಡಿತ್ತು. ಹಳೆಯ ಕಾಲುಚೀಲ ಅಂದುಕೊಂಡು ಸುಮ್ಮನಾಗಿದ್ದಳು.

“ಆದ್ರೂ ಮಗು ಮರೀಲಿಲ್ಲ, ಏನ್ಮಾಡ್ಲಿ,” ಅಂದಳು ಸೊನುನಕ್ಕ ಮೆಲ್ಲಗೆ. ದಾರವನ್ನು ತೆಗೆದು ತೊಲ್ಕುನ್‌ಳ ಅಂಗೈಗೆ ಹಾಕಿ ಮುಷ್ಟಿ ಮುಚ್ಚಿದಳು. ಬೋರ್ಸೋಕ್ ಬೋಗುಣಿಗೆ ಬಟ್ಟೆ ಮುಚ್ಚಿ ಕೊಟ್ಟಳು. “ನಾಳೆ ನಾನು ಇಲ್ಲಿಂದಲೇ ಹರಸ್ತೀನಿ. ಹೋಗು, ಆರತ್ತೆ.”

ಮರುದಿನ ಅಂಗಳದ ತುಂಬ ಜನ. ಹಾಸಿದ ಕಂಬಳಿಯ ಮೇಲೆ ಹಿರಿಯರು ಚಹಾ ಬಟ್ಟಲು ಹಿಡಿದು ಕೂತಿದ್ದರು, ನಡುವೆ ಆ ಬೋರ್ಸೋಕ್ ರಾಶಿ. ಬಾತ್ಮಾ ಒಂದನ್ನು ಬಾಯಿಗೆ ಹಾಕಿಕೊಂಡು ಉಪ್ಪು ಕಮ್ಮಿ ಅಂದಳು. ಸೇಜಿಮ್‌ಳನ್ನು ಮಧ್ಯೆ ನಿಲ್ಲಿಸಿ ಎರಡೂ ಕಾಲಿಗೆ ಸೇರಿಸಿ ಕರಿಬಿಳಿ ದಾರ ಕಟ್ಟಿದರು. ಹುಡುಗಿಯರು ಗೇಟಿನ ಹೊರಗಿಂದ ಓಡಿಬಂದರು. ನೀಳಕಾಲಿನ ಶಾಲೆ ಹುಡುಗಿಯೊಬ್ಬಳು ಎಲ್ಲರಿಗಿಂತ ಮೊದಲು ತಲುಪಿ ಚಾಕುವಿನಿಂದ ದಾರ ಕುಯ್ದಳು. ಜನ ಹೋ ಎಂದರು.

ಹುಡುಗಿ ಕೈ ಚಾಚಿದಳು. ಸೇಜಿಮ್ ಆ ಕೈಯನ್ನು ಹಿಡಿಯಲಿಲ್ಲ. ಸುತ್ತ ಕೂತವರ ಮುಖಗಳಲ್ಲಿ ಯಾರನ್ನೋ ಹುಡುಕಿದಳು, ಸಿಗಲಿಲ್ಲವೆಂದು ತುಟಿ ಉಬ್ಬಿಸಿದಳು, ಆಮೇಲೆ ತಿರುಗಿ ನೀಲಿ ಬಾಗಿಲಿನ ಕಡೆ ಹೊರಟಳು. ಎಡಕ್ಕೆ ವಾಲಿ, ಎದ್ದು, ಮತ್ತೆ ವಾಲಿ.

“ಎತ್ಕೊಳ್ಳೇ ಅವಳನ್ನ!” ಅಂದಳು ಬಾತ್ಮಾ.

ತೊಲ್ಕುನ್ ಓಡಿ ಹೋಗಿ ಬಗ್ಗಿದಳು. ಬಾಗಿಲು ಅರೆ ತೆರೆದಿತ್ತು. ಒಳಗೆ ನೆಲದ ಮೇಲೆ ಕೂತಿದ್ದ ಸೊನುನಕ್ಕ ಮಗುವನ್ನು ಕಂಡಳು. ಎದ್ದೇಳಲಿಲ್ಲ. ಎರಡೂ ಕೈ ನೆಲಕ್ಕೂರಿ, ಅಷ್ಟೂ ಜನರ ಎದುರು, ಅಂಬೆಗಾಲಿಡುತ್ತ ಹೊಸ್ತಿಲಿಗೆ ಬಂದಳು.

ತೊಲ್ಕುನ್ ಮಗುವಿಗೆಂದು ಚಾಚಿದ ಕೈ ಹಿಂದೆಗೆದುಕೊಂಡಳು.

“ಎದ್ದೇಳಿ, ಸೊನುನಕ್ಕ.”

“ಎತ್ಕೊಂಡು ಹೋಗೇ. ಜನ ನೋಡ್ತಿದಾರೆ.”

“ನೋಡ್ಲಿ. ನಿನ್ನೆ ಕೊಟ್ಟದ್ದು ಈ ತಿಂಗಳ ಸಂಬಳ.” ತೊಲ್ಕುನ್ ದನಿ ಎತ್ತರಿಸಿಯೇ ಹೇಳಿದಳು. ಕಂಬಳಿಯ ಮೇಲೆ ಕೂತವರಿಗೆಲ್ಲ ಕೇಳಿಸಿತು. “ಬರೋ ತಿಂಗಳೂ ಅಷ್ಟೇ ಕೊಡ್ತೀನಿ.”

ಹಿಂದೆ ಮಕ್ಸತ್ ಕೆಮ್ಮಿದ.

“ಅಷ್ಟು ನಿನ್ನ ಕೈಲಾಗತ್ತೇನೇ?” ಅಂದಳು ಸೊನುನಕ್ಕ.

“ಗೊತ್ತಿಲ್ಲ. ನಾಳೆ ಬೆಳಿಗ್ಗೆ ಕರ್ಕೊಂಡು ಬರ್ತೀನಿ. ಈಗ ಎದ್ದು ಬನ್ನಿ.”

ಸೊನುನಕ್ಕ ಬಾಗಿಲ ಚೌಕಟ್ಟು ಹಿಡಿದು ಎದ್ದಳು. ಮಂಡಿಯ ಧೂಳು ಒರೆಸಿಕೊಂಡಳು. ಸೇಜಿಮ್ ಅವಳ ಲಂಗದ ಅಂಚು ಹಿಡಿದಳು. ಇಬ್ಬರೂ ಅಂಗಳಕ್ಕಿಳಿದು, ಒಟ್ಟಿಗೆ ಎಡಕ್ಕೆ ವಾಲುತ್ತ, ಒಟ್ಟಿಗೆ ಏಳುತ್ತ ಬಂದರು. ಬಾತ್ಮಾ ಅವರನ್ನೇ ನೋಡುತ್ತಿದ್ದಳು. ಹತ್ತಿರ ಬಂದಾಗ ತನ್ನ ಪಕ್ಕದಲ್ಲಿದ್ದ ದಿಂಬನ್ನು ಒಂದಿಷ್ಟು ಅತ್ತ ಸರಿಸಿ ಜಾಗ ಮಾಡಿದಳು.