ಮೈತ್ರಿಗೆ ಸಿಕ್ಕ ಗೋತ್ರ

ಸಿದ್ದಾಪುರದ ಮುನಿಯಣ್ಣನ ಮಗಳು ಮೈತ್ರಿಯ ವೀಸಾ ಅರ್ಜಿಯಲ್ಲಿ ಏಜೆಂಟ್ ಚಿದಾನಂದ್, ಅವಳನ್ನು ಕೇಳದೆ, ಕಶ್ಯಪ ಗೋತ್ರ ಎಂದು ಬರೆದ.

ಬೌದ್ಧರ ಮನೆಯ ಹುಡುಗಿಗೆ ಗೋತ್ರ ಎಲ್ಲಿಂದ ಬಂತು? ಫೋನಿನಿಂದ ಬಂತು. ಹಿಂದಿನ ವಾರ ಚಿದಾನಂದ್ ಮನೆಗೆ ಫೋನ್ ಮಾಡಿದಾಗ ಎತ್ತಿದವಳು ಸೋದರತ್ತೆ ಸಪ್ಪಲಮ್ಮ, ಈ ಸಂಬಂಧ ಕುದುರಿಸಿದ ಹಿರಿಯಳು. ಅವನು ಹುಡುಗನ ಗೋತ್ರ ಕೇಳಿದ್ದು ಆಕೆಯ ಕಿವಿಗೆ 'ಗೊತ್ತಾ' ಎಂದು ಬಿತ್ತು.

"ಗೊತ್ತಿಲ್ದೆ ಏನಪ್ಪ? ಅವನ ಸಿಂಬಳ ಒರೆಸಿದೋಳೇ ನಾನು."

"ಹುಡುಗೀದು ಅಮ್ಮಾ?"

"ಅದಂತೂ ಇನ್ನೂ ಚೆನ್ನಾಗ್ ಗೊತ್ತು."

ಗೊತ್ತು ಗೊತ್ತು ಎನ್ನುತ್ತಾರೆ, ಹೆಸರು ಮಾತ್ರ ಬಾಯಿಗೆ ಬರುತ್ತಿಲ್ಲ ಎಂದುಕೊಂಡ ಚಿದಾನಂದ್. ಗೋತ್ರ ಮರೆತವರಿಗೆಲ್ಲ ಕಶ್ಯಪ ಎನ್ನುವ ವಾಡಿಕೆ ಇದ್ದೇ ಇದೆ. ಸಗೋತ್ರವಾದರೆ ಮದುವೆ ಕೂಡದೆಂದು ಹುಡುಗನಿಗೆ ಭಾರದ್ವಾಜ ದಯಪಾಲಿಸಿದ.

ಹುಡುಗ ಸುಭಾಷ್, ಆಕ್ಲೆಂಡಿನಲ್ಲಿ ಸಿಟಿ ಬಸ್ಸಿನ ಡ್ರೈವರ್. ಅವನಿಗೆ ಊರಿಗೆ ಬರುವಷ್ಟು ರಜೆ ಇರಲಿಲ್ಲ. ನ್ಯೂಜಿಲೆಂಡಿನಲ್ಲಿ ಇಂಥವರಿಗೆಂದೇ ಒಂದು ವೀಸಾ ಉಂಟು: ಮದುವೆಯನ್ನು ತಮ್ಮ ಸಂಪ್ರದಾಯದಂತೆ ಹಿರಿಯರು ನಿಶ್ಚಯಿಸಿದ್ದಾರೆ ಎಂದು ತೋರಿಸಿದರೆ ಹುಡುಗಿ ಅಲ್ಲಿಗೇ ಹೋಗಿ ಮದುವೆಯಾಗಬಹುದು. ಸುಭಾಷನಿಗೆ ಸಿಕ್ಕಿದ್ದು ಮುಂದಿನ ತಿಂಗಳ ಆರು ದಿನದ ರಜೆ. ಅದು ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು.

ಮೈತ್ರಿಗೆ ಒಂದು ವಾರ ಕಾಯುವುದೂ ಆಗದ ಮಾತಾಗಿತ್ತು. ಸಂಬಂಧ ಗೊತ್ತಾದಂದಿನಿಂದ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಯಡಿಯೂರು ಕೆರೆ ಸುತ್ತಲು ಹೋಗಿ, ಎಲ್ಲರಿಗೂ ಎದುರಾಗಿ ಉಲ್ಟಾ ಸುತ್ತಿ, ವಾಕಿಂಗ್ ಅಂಕಲ್‌ಗಳಿಂದ ಬೈಸಿಕೊಂಡು, ಅವರಿಗೇ ಥ್ಯಾಂಕ್ಸ್ ಹೇಳಿ ಬಂದಿದ್ದಳು. ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆದರೆ ಸಾಕು, ಕೆನ್ನೆ ಕೆಂಪಾಗುತ್ತಿತ್ತು.

ಅರ್ಜಿಗೆ ಸಹಿ ಹಾಕಲು ಸಪ್ಪಲಮ್ಮ, ಮೈತ್ರಿ ಇಬ್ಬರೂ ಚಿದಾನಂದನ ಜಯನಗರದ ಆಫೀಸಿಗೆ ಬಂದು ಕೂತರು. ಕಾಗದಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಮೈತ್ರಿ ಅತ್ತೆಗೆ ಕನ್ನಡ ಮಾಡಿ ಹೇಳುತ್ತಾ ಹೋದಳು. ಕಶ್ಯಪ ಬಂದದ್ದೇ ಸಪ್ಪಲಮ್ಮ ತಡೆದಳು.

"ಯಾರೇ ಅವ್ನು ಕಶ್ಯಪ? ನಮ್ ಕಡೆಯೋನಾ?"

ಮೈತ್ರಿಗೆ ನಗು ಉಕ್ಕಿತು. ಚಿದಾನಂದ್ ಒಳ್ಳೆಯ ಮನುಷ್ಯನೇ. ಇಬ್ಬರಿಗೂ ಕಾಫಿ ತರಿಸಿ ನಿಧಾನವಾಗಿ ವಿವರಿಸಿದ. ಜಾತಕ, ಗೋತ್ರ, ಪುರೋಹಿತರ ಪತ್ರ ಇದ್ದರೆ ಆಫೀಸರ್‌ಗೆ ಸಂಪ್ರದಾಯ ಕಣ್ಣಿಗೆ ಕಾಣುತ್ತದಂತೆ. ಬುದ್ಧನ ಫೋಟೋ ಮುಂದೆ ನಿಂತು ಮದುವೆಯ ಪ್ರತಿಜ್ಞೆ ಓದುತ್ತೇವೆ ಎಂದರೆ ಕಾಣುವುದಿಲ್ಲವಂತೆ. ಜಾತಕವನ್ನೂ ಅವನೇ ಬರೆಸಿಟ್ಟಿದ್ದ. ಮೂವತ್ತಾರರಲ್ಲಿ ಇಪ್ಪತ್ತೆಂಟು ಗುಣ ಕೂಡಿದ್ದವು.

"ಮಿಕ್ಕ ಎಂಟು ಏನಾಯ್ತು ಸಾರ್?"

"ಫುಲ್ ಮಾರ್ಕ್ಸ್ ಕೊಟ್ರೆ ಡೌಟ್ ಬರತ್ತೆ ಮೇಡಂ."

ಮೈತ್ರಿ ನಕ್ಕು ನಕ್ಕು ಕಾಫಿ ಚೆಲ್ಲಿಕೊಂಡಳು. ಹೋಗಲಿ, ಎರಡು ಗೆರೆ ಶಾಯಿ. ವಿಮಾನ ಹತ್ತಿದ ಮೇಲೆ ಕಶ್ಯಪನೂ ಇಲ್ಲ, ಭಾರದ್ವಾಜನೂ ಇಲ್ಲ, ಸುಭಾಷ್ ಒಬ್ಬನೇ. ಪೆನ್ನು ತೆಗೆದುಕೊಂಡು ಕೊನೆಯ ಹಾಳೆ ತಿರುಗಿಸಿದಳು. ಅದು ಸಪ್ಪಲಮ್ಮನ ಹೆಸರಿನಲ್ಲಿದ್ದ ಪತ್ರ. 'ಕನ್ಯೆಯು ಹಿರಿಯರ ಮುಂದೆ ತಲೆ ತಗ್ಗಿಸಿ, ನಮ್ಮ ಪದ್ಧತಿಯಂತೆ, ಮೌನದಿಂದಲೇ ಸಮ್ಮತಿ ಸೂಚಿಸಿದಳು.'

ಮೈತ್ರಿ ಅದನ್ನೂ ಕನ್ನಡ ಮಾಡಿ ಹೇಳಿದಳು. ಸಪ್ಪಲಮ್ಮ ಕಾಫಿ ಲೋಟ ಕೆಳಗಿಟ್ಟಳು.

"ಮೌನಾನಾ? ನಮ್ಮಲ್ಲಿ ಹುಡ್ಗಿ ಸುಮ್ನಿದ್ರೆ ಎಲೆ ಅಡಿಕೆ ವಾಪಸ್ ತಗೊಂಡು ಎದ್ದು ಹೋಗ್ತಾರೆ ಕಣಪ್ಪ."

ಅದು ಅವರ ಬೀದಿಯ ಪದ್ಧತಿ. ಹನ್ನೊಂದು ಜನ ಕೂರಬೇಕು, ಹುಡುಗಿಯನ್ನು ಮೂರು ಸಲ ಕೇಳಬೇಕು, ಬಾಗಿಲಾಚೆ ನಿಂತವರಿಗೂ ಕೇಳಿಸುವಂತೆ ಅವಳು ಹೇಳಬೇಕು. ಸಂಬಂಧ ಗೊತ್ತಾದ ದಿನ ಮೈತ್ರಿಗೆ ಮೊದಲ ಸಲ ನಗು ಬಂದಿತ್ತು, ಎರಡನೇ ಸಲ ಬಿಕ್ಕಳಿಕೆ. ಮೂರನೇ ಸಲ 'ಒಪ್ಪಿದೀನಿ' ಎಂದು ಕೂಗಿದ್ದಕ್ಕೆ ರಸ್ತೆಯಲ್ಲಿ ಸೊಪ್ಪು ಮಾರುತ್ತಿದ್ದ ಹೊಳೆಪ್ಪ ಗಾಡಿ ನಿಲ್ಲಿಸಿ, 'ಎಷ್ಟು ಕಟ್ಟು ಅಕ್ಕಾ?' ಎಂದು ಕೇಳಿದ್ದ.

ಅದನ್ನು ನೆನೆದು ಈಗಲೂ ನಗು ಬಂತು. ಆದರೆ ನಗುತ್ತಲೇ ಮೈ ಬಿಸಿಯಾಯಿತು. ಚಿದಾನಂದ್ ಗೋತ್ರ ಪುಕ್ಕಟೆ ಕೊಟ್ಟಿರಲಿಲ್ಲ; ಅದಕ್ಕೆ ಬದಲಾಗಿ ಅವಳ ಬಾಯಿ ಕಿತ್ತುಕೊಂಡಿದ್ದ.

ಮೈತ್ರಿ ಆ ಮೂರು ಸಲದ ಕಥೆಯನ್ನೇ ಬರೆಯಿರಿ ಎಂದಳು. ಚಿದಾನಂದ್ ಗಡಿಯಾರ ನೋಡಿದ. ಅಂಥದ್ದು ಬರೆದರೆ ಯಾರೂ ನಂಬುವುದಿಲ್ಲ, ಇಂದು ಸಲ್ಲಿಸದಿದ್ದರೆ ಆ ಆರು ದಿನ ಕೈತಪ್ಪುತ್ತವೆ ಎಂದ. ಅದು ಸುಳ್ಳಲ್ಲ ಎಂದು ಮೈತ್ರಿಗೂ ತಿಳಿದಿತ್ತು.

"ಇಲ್ಲಿ ಬರೆದಿರೋದೆಲ್ಲ ನಿಜ ಅಂತ ಇದೆ ಮೇಡಂ, ಇದರ ಕೆಳಗೆ ಒಂದ್ ಸೈನ್. ಅಷ್ಟೇ."

ಮೈತ್ರಿ ಪೆನ್ನನ್ನು ಅವನ ಕಡೆಗೆ ಸರಿಸಿದಳು.

"ಹಾಕಲ್ಲ ಸಾರ್."