ಮುಖ ಬಿಡಿಸದ ಚಿತ್ರಗಳು

ಕತ್ತರಿಸಿದ ರಿಬ್ಬನ್ನಿನ ತುಂಡು ಕೈಯಲ್ಲೇ ಉಳಿದಿತ್ತು. ಅದನ್ನು ಎಲ್ಲಿ ಬಿಡುವುದೆಂದು ತಿಳಿಯದೆ ಅಲಿ ಕುಂಞಿ ಜೇಬಿಗೆ ತುರುಕಿಕೊಂಡು ಒಳಗೆ ಕಾಲಿಟ್ಟ. ಹಿಂದೆ ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಎದುರಿನ ಗೋಡೆಯಲ್ಲಿ ಆಳೆತ್ತರದ ಚಿತ್ರ. ದಟ್ಟ ನೀಲಿಯೊಳಗೆ ಒಬ್ಬ ಮನುಷ್ಯ, ಮೊಣಕಾಲು ಮಡಚಿ, ಒಂದು ಕೈಯನ್ನು ತಲೆಯ ಮೇಲಕ್ಕೆ ಎತ್ತಿದ್ದಾನೆ. ಮೈಗೆಲ್ಲ ಬಂಗಾರದ ಬಣ್ಣ. ಗುರುತು ಹತ್ತಲು ಒಂದು ಗಳಿಗೆ ಬೇಕಾಯಿತು. ಗುಂಡ್ಯ ಹೊಳೆಯಲ್ಲಿ ಸ್ನಾನಕ್ಕಿಳಿದು ಮುಳುಗಿ ಹೋದ ಲಾರಿ ಕ್ಲೀನರ್. ಆ ಎತ್ತಿದ ಕೈಯನ್ನು ಹಿಡಿದೇ ತಾನು ಅವನನ್ನು ಬಂಡೆಯ ಸಂದಿನಿಂದ ಎಳೆದು ತೆಗೆದದ್ದು.

"ಹೇಗುಂಟು ಕಾಕ?" ಎಂದ ಉದಯ. ನರಿಮೊಗರಿನ ಶಾಲೆಯ ಡ್ರಾಯಿಂಗ್ ಮಾಷ್ಟ್ರು. ಈ ಪ್ರದರ್ಶನ ಅವನದು. ಉದ್ಘಾಟನೆಗೆಂದು ಅಲಿ ಕುಂಞಿಯನ್ನು ಉಪ್ಪಿನಂಗಡಿಯಿಂದ ಪುತ್ತೂರಿಗೆ ತಾನೇ ಕಾರಿನಲ್ಲಿ ಕರೆತಂದಿದ್ದ.

"ಬಣ್ಣ ಸುಮಾರು ಖರ್ಚಾಗಿದೆ," ಎಂದ ಅಲಿ ಕುಂಞಿ. ಸುತ್ತ ನಿಂತವರು ನಕ್ಕರು.

ಉಪ್ಪಿನಂಗಡಿಯಲ್ಲಿ ದೋಣಿ ನಡೆಸುವ ಬ್ಯಾರಿ ಅವನು; ಮೂವತ್ತು ವರ್ಷ ಹೊಳೆಯಲ್ಲಿ ಹೋದವರನ್ನು ಮುಳುಗಿ ಹುಡುಕಿ ತೆಗೆದವನು. ಹೆಣ ನೀರಿನಡಿ ಹೇಗೆ ಬಿದ್ದಿತ್ತೆಂದು ಪೊಲೀಸರು ಮಹಜರಿಗೆ ಕೇಳುತ್ತಿದ್ದರು. ಬರೆಯಲು ಬಾರದ ಅವನು ಪೆನ್ಸಿಲಿನಲ್ಲಿ ಗೀಚಿ ತೋರಿಸುತ್ತಿದ್ದ. ಆಮೇಲೆ ಅದೇ ಅಭ್ಯಾಸವಾಗಿ, ಮನೆಗೆ ಬಂದು ಒಂದು ಪುಸ್ತಕದಲ್ಲಿ ಇನ್ನೊಮ್ಮೆ ಬಿಡಿಸದೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಮುಖ ಮಾತ್ರ ಎಂದೂ ಬಿಡಿಸಿದವನಲ್ಲ. ಸತ್ತವರ ಮನೆಯವರಿಗೆ ತೋರಿಸಿದವನೂ ಅಲ್ಲ. ದಡಕ್ಕೆ ತರುವ ಮೊದಲು ನೀರೊಳಗೇ ಆದಷ್ಟು ಕೈಕಾಲು ನೇರ ಮಾಡಿ, ಬಟ್ಟೆ ಸರಿಪಡಿಸಿ, ಮಲಗಿದವರ ಹಾಗೆ ತರುತ್ತಿದ್ದ. ಹೇಗಿದ್ದರೆಂದು ಯಾರು ಕೇಳಿದರೂ ಬಾಯಿ ಬಿಡುತ್ತಿರಲಿಲ್ಲ.

ಕಳೆದ ಮಳೆಗಾಲ ದೋಣಿಯ ಫೋಟೋ ತೆಗೆಯಲು ಬಂದ ಉದಯನ ಕಣ್ಣಿಗೆ ಆ ಪುಸ್ತಕ ಬಿತ್ತು. ಒಂದು ತಿಂಗಳ ಮಟ್ಟಿಗೆ ಎರವಲು ಕೇಳಿದ. ಹೆಸರಿಲ್ಲ, ಮುಖವಿಲ್ಲ, ಗುರುತು ಹಿಡಿಯುವವರು ಯಾರೆಂದು ಅಲಿ ಕುಂಞಿ ಕೊಟ್ಟುಬಿಟ್ಟ.

ಈಗ ಉದಯ ಮೈಕು ಹಿಡಿದು ಒಂದೊಂದೇ ಚಿತ್ರದ ಮುಂದೆ ನಿಂತು ಹೇಳುತ್ತಿದ್ದ. ಇವರು ಸತ್ತವರಲ್ಲ, ನೀರು ನಮ್ಮ ಮೊದಲ ಮನೆ, ಇವರು ಅಲ್ಲಿಗೆ ಮರಳಿ ಕುಣಿಯುತ್ತಿದ್ದಾರೆ ಎಂದ. ಎರಡು ನದಿ ಸೇರುವಲ್ಲಿ ಒಂದು ಸಂಜೆ ನಿಂತಿದ್ದಾಗ ತನ್ನೊಳಗೆ ಇದೆಲ್ಲ ತೆರೆದುಕೊಂಡಿತಂತೆ. ಅಲಿ ಕುಂಞಿ ತಲೆ ತಗ್ಗಿಸಿ ಹಿಂದೆ ಹಿಂದೆ ನಡೆದ. ಐದನೆಯ ಚಿತ್ರದ ಮುಂದೆ ಅವನ ಕಾಲು ನಿಂತಿತು.

ಹಸಿರು ನೀರಿನಲ್ಲಿ ಒಂದು ಹೆಣ್ಣು. ಎದೆಗೆ ಚೀಲವೊಂದನ್ನು ಶಾಲಿನಿಂದ ಬಿಗಿದು ಕಟ್ಟಿಕೊಂಡಿದ್ದಾಳೆ. ಹರಿದ ಚೀಲದ ಪಟ್ಟಿಗೆ ಗೋಣಿದಾರದ ಹೊಲಿಗೆ, ಅಕ್ಕಿ ಮೂಟೆಯ ಬಾಯಿ ಹೊಲಿದ ಹಾಗೆ ಅಡ್ಡಡ್ಡ. ಉದಯ ಆ ಹೊಲಿಗೆಗೂ ಬಂಗಾರ ಬಳಿದಿದ್ದ.

ಮೂರು ವರ್ಷದ ಹಿಂದೆ ಅಲಿ ಕುಂಞಿ ಆ ಶಾಲು ಬಿಚ್ಚಿ, ಕಲ್ಲು ತುಂಬಿದ ಚೀಲವನ್ನು ಹೊಳೆಯ ಗುಂಡಿಗೇ ಬಿಟ್ಟು, ಹುಡುಗಿಯನ್ನು ಮಾತ್ರ ಮೇಲಕ್ಕೆ ತಂದಿದ್ದ. ಪೊಲೀಸರಿಗೆ ಗೀಚಿ ಕೊಟ್ಟ ಚಿತ್ರದಲ್ಲಿ ಚೀಲ ಇರಲಿಲ್ಲ. ದಡದಲ್ಲಿ ಅವಳ ತಾಯಿ ಹೇಗಾಯಿತೆಂದು ಮೂರು ಸಲ ಕೇಳಿದಳು. ಮೂರು ಸಲವೂ ಕಾಲು ಜಾರಿದ್ದು ಎಂದ. ಚೀಲ ತೇಲಿ ಹೋಗಿರಬೇಕು ಎಂದ. ತಾಯಿ ಅದನ್ನು ನಂಬಿದಳು. ಅಂದಿನಿಂದ ಪ್ರತಿ ಭಾನುವಾರ ಬಸ್ಸು ಹತ್ತಿ ಬಂದು, ಹೊಳೆಯ ಮೆಟ್ಟಿಲಿನ ಪಾಚಿಯನ್ನು ತೆಂಗಿನ ಸಿಪ್ಪೆಯಲ್ಲಿ ತಿಕ್ಕಿ ಹೋಗುತ್ತಿದ್ದಳು, ಇನ್ನೊಬ್ಬರ ಮಕ್ಕಳು ಜಾರಬಾರದೆಂದು. ಅವಳು ತಿಕ್ಕುವಾಗ ಅಲಿ ಕುಂಞಿ ದೋಣಿಯನ್ನು ಆಚೆ ದಡಕ್ಕೆ ಒಯ್ಯುತ್ತಿದ್ದ.

"ಈ ಚೀಲ ನೋಡಿ," ಎನ್ನುತ್ತಿದ್ದ ಉದಯ. "ಪರಂಪರೆ ಹೆಣ್ಣಿನ ಮೇಲೆ ಹೊರಿಸಿದ ಭಾರ ಇದು."

ಗಡ್ಡದವನೊಬ್ಬ ಆ ಹೊಲಿಗೆಯ ಕಲ್ಪನೆ ಎಲ್ಲಿಂದ ಬಂತೆಂದು ಕೇಳಿದ. ಉದಯ ನಕ್ಕು ಅಲಿ ಕುಂಞಿಯ ಹೆಗಲ ಮೇಲೆ ಕೈಯಿಟ್ಟ. "ಅದು ಕಾಕನ ಪುಸ್ತಕದಲ್ಲೇ ಇದ್ದದ್ದು. ಕಂಡದ್ದು ಬಿಟ್ಟು ಒಂದು ಗೆರೆ ಹೆಚ್ಚಿಗೆ ಹಾಕುವ ಜನ ಅಲ್ಲ ಇವರು."

ಆಗಲೇ ಅಲಿ ಕುಂಞಿ ಆ ತಾಯಿಯನ್ನು ಕಂಡದ್ದು. ಉದಯನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಕಮಲಾವತಿ. ಮಾಷ್ಟ್ರು ಕರೆದರೆಂದು ಜೊತೆಯವರೊಡನೆ ಬಂದಿದ್ದಳು, ಇಸ್ತ್ರಿ ಮಾಡಿದ ಸೀರೆಯುಟ್ಟು. ತನ್ನ ಶಾಲೆಯ ಅಡುಗೆಯವಳ ಮಗಳು ಆ ಪುಸ್ತಕದಲ್ಲಿದ್ದಾಳೆಂದು ಉದಯನಿಗೆ ಹೇಗೆ ಗೊತ್ತಿರಬೇಕು? ಅವಳು ಚಿತ್ರಕ್ಕೆ ತೀರ ಹತ್ತಿರ ಹೋಗಿದ್ದಳು. ಗೋಣಿಸೂಜಿ ಹಿಡಿದು ಗಟ್ಟಿಯಾದ ಬೆರಳು ಗಾಳಿಯಲ್ಲೇ ಆ ಹೊಲಿಗೆಯನ್ನು ಒಂದೊಂದಾಗಿ ಎಣಿಸುತ್ತಿತ್ತು.

ಜನ ಆರನೆಯ ಚಿತ್ರಕ್ಕೆ ಸರಿದರು. ಅವಳು ಸರಿಯಲಿಲ್ಲ. ಅಲಿ ಕುಂಞಿಯೂ ಸರಿಯಲಿಲ್ಲ. ಇನ್ನೊಂದು ಸುಳ್ಳು ಹೇಳಬಹುದಿತ್ತು, ಆ ಹೊಲಿಗೆ ಎಲ್ಲ ಚೀಲಕ್ಕೂ ಹಾಗೇ ಇರುತ್ತದೆ ಎಂದು. ಹೊಲಿದವಳ ಮುಂದೆಯೇ ಅದನ್ನು ಹೇಳುವುದು ಹೇಗೆ?

"ಕಮಲಕ್ಕ," ಎಂದ. "ಹೊರಗೆ ಬನ್ನಿ. ಆ ದಿನದ್ದು ಒಂದು ಮಾತು ಉಂಟು. ನಾನು ಹೇಳ್ತೇನೆ."

ಅವಳು ತಿರುಗಲಿಲ್ಲ. ಬೆರಳನ್ನು ಮಡಚಿ ಸೆರಗಿನೊಳಗೆ ಎಳೆದುಕೊಂಡಳು.

"ಅಂದು ಹೇಳಿದ್ದೀರಲ್ಲ ಬ್ಯಾರಿಗಳೆ," ಎಂದಳು. "ನನಗೆ ಅಷ್ಟೇ ಸಾಕು. ಬೇರೆ ಎಂತದೂ ಬೇಡ."